ಮೇಜಿನ ಮೇಲಿನ ಶ್ರೀನಿವಾಸಪುರ

ಶ್ರೀರಾಮಪ್ಪ ಮೇಷ್ಟ್ರು ಮುಳಬಾಗಿಲಿಗೆ ಬಂದು ರಹಮತ್ತುಲ್ಲಾನ ಮರಗೆಲಸದ ಅಂಗಡಿ ಹೊಕ್ಕಾಗ ಅವರ ಕಂಕುಳಲ್ಲಿ ಟವೆಲ್ಲಿನಲ್ಲಿ ಸುತ್ತಿದ ಏನೋ ಇತ್ತು. ಎಳೆಗೂಸನ್ನು ಹಿಡಿದ ಹಾಗೆ ಹಿಡಿದುಕೊಂಡಿದ್ದರು. ಅವರು ಮುಳಬಾಗಿಲಿನ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ವಿಜ್ಞಾನ ಹೇಳಿಕೊಟ್ಟವರು. ಆ ಸ್ಕೂಲಿನ ಬೆಂಚು, ಡೆಸ್ಕು ಎಲ್ಲ ರಹಮತ್ತುಲ್ಲಾನ ಕೈಯವೇ. ನಿವೃತ್ತರಾಗಿ ಕೋಲಾರದಲ್ಲಿ ಮನೆ ಕಟ್ಟಿಕೊಂಡ ಮೇಲೆ ಈ ಕಡೆ ಬಂದಿರಲಿಲ್ಲ.

"ಒಂದು ಮೇಜು ಬೇಕಲ್ಲಪ್ಪ ಸಾಬ್ರೇ. ಎಂಟಡಿಗೆ ನಾಲ್ಕಡಿ. ಒಂದು ಕೂದಲೆಳೆಯಷ್ಟೂ ಅಲುಗಾಡಬಾರದು" ಎಂದರು.

"ಊಟಕ್ಕಾ ಮೇಷ್ಟ್ರೇ? ಎಂಟಡಿ ಅಂದ್ರೆ ಮದುವೆ ಮನೆ ಆಯ್ತಲ್ಲ."

ಮೇಷ್ಟ್ರು ನಗುತ್ತ ಟವೆಲ್ ಬಿಚ್ಚಿದರು. ಒಳಗೊಂದು ರೈಲು ಇಂಜಿನ್ನು. ಗೇಣಿಗಿಂತ ಸ್ವಲ್ಪ ಉದ್ದ, ಹಸಿರು ಬಣ್ಣ, ಕಿಟಕಿ, ಕೈಹಿಡಿ, ದೀಪ, ಚಕ್ರ ಎಲ್ಲ ನಿಜದ ಇಂಜಿನ್ನಿನ ಹಾಗೆ. ರಹಮತ್ತುಲ್ಲಾ ಕೈಯ ಹೊಟ್ಟು ಒರೆಸಿಕೊಂಡು ಅದನ್ನು ತೆಗೆದುಕೊಂಡ. ಅಷ್ಟು ಚಿಕ್ಕದಕ್ಕೆ ಅಷ್ಟು ತೂಕ ಇರುತ್ತದೆ ಎಂದು ಅವನು ಅಂದುಕೊಂಡಿರಲಿಲ್ಲ. ಅಂಗೈ ಸ್ವಲ್ಪ ಕೆಳಗಿಳಿಯಿತು.

"ರಿಮೋಟಲ್ಲಿ ಓಡತ್ತೆ. ಆಟದ ಸಾಮಾನು ಅಲ್ಲ ಇದು. ಇಡೀ ಸ್ಟೇಷನ್ನು, ಸಿಗ್ನಲ್ಲು, ಊರು ಎಲ್ಲಾ ಮಾಡಿ ಓಡಿಸ್ತಾರೆ. ನಂಗೂ ಹೊಸದು. ಕಲೀಬೇಕು."

ಒಂದು ವಾರಕ್ಕೆ ಮೇಜು ಆಯಿತು. ರಹಮತ್ತುಲ್ಲಾ ಅದನ್ನು ಟೆಂಪೊದಲ್ಲಿ ಹಾಕಿಕೊಂಡು ಕೋಲಾರಕ್ಕೆ ಹೋಗಿ, ಮೇಷ್ಟ್ರ ಮಾಳಿಗೆಯ ಕೋಣೆಯಲ್ಲಿ ಜೋಡಿಸಿ, ನಾಲ್ಕೂ ಮೂಲೆಗೆ ಮಟ್ಟ ಹಿಡಿದು ನೋಡಿದ. ಕೆಲಸ ಮುಗಿದಿತ್ತು, ಹೊರಡಬಹುದಿತ್ತು. ಆದರೆ ಮೇಷ್ಟ್ರು ಪೆಟ್ಟಿಗೆಯಿಂದ ಹಳಿಗಳನ್ನು ತೆಗೆದು ಒಂದಕ್ಕೊಂದು ಸಿಕ್ಕಿಸಿ ಮೊಟ್ಟೆಯಾಕಾರಕ್ಕೆ ಜೋಡಿಸಿ, ಇಂಜಿನ್ ಇಟ್ಟು, ರಿಮೋಟಿನ ಗುಂಡಿ ತಿರುಗಿಸಿದರು. ಇಂಜಿನ್ನು ಒಂದು ಮೊಳ ಹೋಗಿ ನಿಂತಿತು. ಬೆರಳಿನಿಂದ ನೂಕಿದರೆ ಮತ್ತೊಂದು ಮೊಳ. ತಿರುವಿಗೆ ಬಂದಾಗ ಹಳಿ ಬಿಟ್ಟು ಮಗುಚಿಕೊಂಡಿತು.

"ಕಂಪನಿಯವರು ಮೋಸ ಮಾಡಿದ್ರು" ಎಂದು ಮೇಷ್ಟ್ರು ತಲೆಯ ಮೇಲೆ ಕೈಯಿಟ್ಟುಕೊಂಡರು.

ರಹಮತ್ತುಲ್ಲಾ ಬಗ್ಗಿ, ಹಳಿಯ ಮೇಲೆ ಉಗುರು ಇಟ್ಟು ಸುತ್ತಲೂ ಎಳೆದುಕೊಂಡು ಬಂದ. ಮೂರು ಕಡೆ ಉಗುರು ತಡೆಯಿತು. ಎರಡು ಹಳಿ ಸೇರುವಲ್ಲಿ ಒಂದು ಮೇಲೆ, ಒಂದು ಕೆಳಗೆ. ಬಾಗಿಲ ಚೌಕಟ್ಟಿನ ಸಂದು ನೋಡುವ ಹಾಗೆ ನೋಡಿ, ಬಿಚ್ಚಿ, ಮತ್ತೆ ಕೂಡಿಸಿದ. ಹಳಿಯ ಮೇಲಿನ ಎಣ್ಣೆಯ ಜಿಡ್ಡನ್ನು ಮೇಷ್ಟ್ರು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರು. ಇಂಜಿನ್ನಿಗೆ ಕರೆಂಟು ಬರುವುದು ಹಳಿಯಿಂದಲೇ, ಜಿಡ್ಡಿದ್ದರೆ ಕರೆಂಟು ಮುಟ್ಟುವುದಿಲ್ಲ ಎಂದು ಅಷ್ಟರಲ್ಲಿ ಅವರಿಗೇ ಹೊಳೆದಿತ್ತು. ಈ ಸಲ ಗುಂಡಿ ತಿರುಗಿಸಿದರೆ ಇಂಜಿನ್ನು ಮೆಲ್ಲಗೆ ಹೊರಟು, ತಿರುವು ದಾಟಿ, ಪೂರ್ತಿ ಸುತ್ತು ಬಂದು ಇಬ್ಬರ ಮುಂದೆ ಹಾದುಹೋಯಿತು. ಅರವತ್ತು ದಾಟಿದ ಇಬ್ಬರು ಗಂಡಸರು ಚಪ್ಪಾಳೆ ತಟ್ಟಿದರು. ಕೆಳಗಿನಿಂದ ಮೇಷ್ಟ್ರ ಹೆಂಡತಿ ಸುನಂದ "ಏನ್ರೀ ಅದು ಗಲಾಟೆ?" ಎಂದು ಕೂಗಿದರು.

ಅಲ್ಲಿಂದ ಪ್ರತಿ ಭಾನುವಾರ ರಹಮತ್ತುಲ್ಲಾ ಕೋಲಾರದ ಬಸ್ಸು ಹತ್ತಿದ. ಕೂಲಿಗೆ ಅಲ್ಲ. ಮರ ಮುಟ್ಟಿ ಮುಟ್ಟಿ ಸವೆದ ಅವನ ಕೈಗೆ ಇಷ್ಟು ಸಣ್ಣ ಕೆಲಸ ಯಾವತ್ತೂ ಸಿಕ್ಕಿರಲಿಲ್ಲ. ರೈಲು ಓಡಿದರೆ ಪ್ಲೈವುಡ್ಡು ತಮಟೆಯ ಹಾಗೆ ಸದ್ದು ಮಾಡುತ್ತದೆಂದು ಹಳೆಯ ಹವಾಯಿ ಚಪ್ಪಲಿಗಳ ರಬ್ಬರನ್ನು ಸೀಳಿ ಹಳಿಯ ಕೆಳಗೆ ಹಾಸಿದವನು ಅವನೇ. ದಿಬ್ಬ ಹತ್ತಿಸುವಾಗ ನೂರು ಇಂಚಿಗೆ ಎರಡು ಇಂಚಿಗಿಂತ ಹೆಚ್ಚು ಏರಿಸಿದರೆ ಇಂಜಿನ್ನು ಏದುಸಿರು ಬಿಡುತ್ತದೆಂದು ಪಟ್ಟಿ ಕೊಯ್ದು ಕೊಯ್ದು ಕಂಡುಹಿಡಿದವನೂ ಅವನೇ. ತಂತಿ, ರಿಮೋಟು, ಅದರ ಪುಸ್ತಕ ಓದುವುದು ಮೇಷ್ಟ್ರ ಪಾಲು.

ಎರಡನೆಯ ಇಂಜಿನ್ನು ಬಂದ ದಿನ ನಡೆದದ್ದನ್ನು ನೆನೆಸಿಕೊಂಡರೆ ಇಬ್ಬರಿಗೂ ನಗು ತಡೆಯಲಾಗುತ್ತಿರಲಿಲ್ಲ. ಅದು ಕಪ್ಪು ಬಣ್ಣದ, ಹಳೆಯ ಹೊಗೆ ಇಂಜಿನ್ನಿನ ಮಾದರಿ. ಅದನ್ನು ಹಳಿಯ ಮೇಲಿಟ್ಟು ಮೇಷ್ಟ್ರು ಗುಂಡಿ ತಿರುಗಿಸಿದರೆ ಆಚೆ ತುದಿಯಲ್ಲಿ ಸುಮ್ಮನೆ ನಿಂತಿದ್ದ ಹಸಿರು ಇಂಜಿನ್ನೂ ಹೊರಟಿತು. ನಿಲ್ಲಿಸಿದರೆ ಎರಡೂ ನಿಂತವು. ಗಾಬರಿಯಲ್ಲಿ ಮತ್ತೆ ತಿರುಗಿಸಿದ್ದಕ್ಕೆ ಎರಡೂ ಎದುರುಬದುರಾಗಿ ಬಂದು ಮುಖಕ್ಕೆ ಮುಖ ಗುದ್ದಿಕೊಂಡವು. ಅರ್ಧ ದಿನ ಪುಸ್ತಕ ತಿರುವಿ ಹಾಕಿದ ಮೇಲೆ ಗೊತ್ತಾಯಿತು: ಪ್ರತಿ ಇಂಜಿನ್ನಿನ ಹೊಟ್ಟೆಯಲ್ಲೂ ಒಂದು ನಂಬರು ಇರುತ್ತದೆ, ರಿಮೋಟು ಆ ನಂಬರನ್ನು ಕೂಗಿ ಕರೆಯುತ್ತದೆ, ಹೊಸದಾಗಿ ಬರುವ ಎಲ್ಲಕ್ಕೂ ಮೂರು ಎಂಬ ಒಂದೇ ನಂಬರು, ಬೇರೆ ನಂಬರು ನಾವೇ ಕೊಡಬೇಕು.

"ಕ್ಲಾಸಲ್ಲಿ ಇಬ್ಬರು ಗಂಗುಲಪ್ಪ ಇದ್ದಂಗೆ ಮೇಷ್ಟ್ರೇ" ಎಂದು ರಹಮತ್ತುಲ್ಲಾ ಅಂದ. "ಹಾಜರಿ ಕರೆದ್ರೆ ಇಬ್ಬರೂ ಎದ್ದು ನಿಲ್ತಾರೆ."

ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಲೇ ರಹಮತ್ತು, ನೀನು ಎಲ್ಲಿದ್ಯೋ ಇಷ್ಟು ದಿನ!" ಎಂದು ಬೆನ್ನು ಗುದ್ದಿದರು. ಆವತ್ತಿನಿಂದ 'ಸಾಬ್ರೇ' ಹೋಯಿತು, ನೀನು ಎಂಬುದು ಬಂತು. ರಹಮತ್ತುಲ್ಲಾನೂ ಕೆಲವು ವಾರ ತಡವರಿಸಿ 'ನೀವು' ಬಿಟ್ಟ, 'ಮೇಷ್ಟ್ರೇ' ಎಂಬುದನ್ನು ಮಾತ್ರ ಉಳಿಸಿಕೊಂಡ.

ಹಳಿ ಆಯಿತು, ಇನ್ನು ಊರು ಬೇಕು. ಯಾವ ಊರು? ಮೇಷ್ಟ್ರು ವಿಡಿಯೊಗಳಲ್ಲಿ ನೋಡಿದ ಹಿಮದ ಬೆಟ್ಟ, ಕೆಂಪು ಮಾಡಿನ ಮನೆ ಎಂದರು.

"ಅಯ್ಯೋ ಬಿಡು ಮೇಷ್ಟ್ರೇ, ಹಿಮ ನಾನು ನೀನು ಎಲ್ಲಿ ಕಂಡಿದೀವಿ" ಎಂದ ರಹಮತ್ತುಲ್ಲಾ. "ಶ್ರೀನಿವಾಸಪುರ ಮಾಡೋಣ. ಹಳೇ ಸಣ್ಣ ರೈಲಿನ ಕಾಲದ್ದು. ನಮ್ಮಪ್ಪಂದು ಅಲ್ಲೇ ಟೀ ಅಂಗಡಿ ಇತ್ತು."

ಮೇಷ್ಟ್ರು ಕುರ್ಚಿ ಎಳೆದುಕೊಂಡು ಅವನೆದುರು ಕೂತರು. "ಹೇಳು" ಎಂದರು.

ರಹಮತ್ತುಲ್ಲಾನ ಜೀವನದಲ್ಲಿ ಯಾರೂ ಅವನನ್ನು ಹೀಗೆ 'ಹೇಳು' ಎಂದು ಕೇಳಿರಲಿಲ್ಲ. ಅಪ್ಪ ಇಮಾಮ್ ಸಾಬಿ ಸತ್ತಾಗ ಅವನಿಗೆ ಹದಿನೇಳು. ಆಮೇಲೆ ಮುಳಬಾಗಿಲಿಗೆ ಬಂದು ಸೋದರಮಾವನ ಹತ್ತಿರ ಉಳಿ ಹಿಡಿದ. ಮದುವೆಯಾಯಿತು, ಮಕ್ಕಳಾದವು, ಮಕ್ಕಳಿಗೆ ಮಕ್ಕಳಾದವು. ಮನೆಯಲ್ಲಿ ಅಪ್ಪನ ಹೆಸರು ಬರುತ್ತಿದ್ದದ್ದು ವರ್ಷಕ್ಕೊಮ್ಮೆ ಸತ್ತವರ ಹೆಸರಿನಲ್ಲಿ ಫಾತೆಹಾ ಓದಿಸುವಾಗ ಮಾತ್ರ. ಈಗ ಮೇಷ್ಟ್ರು ಒಂದೊಂದನ್ನೇ ಕೇಳಿದರು. ಅಂಗಡಿಯ ಮಾಡು ತಗಡಿನದಾ, ಹೆಂಚಿನದಾ? ಒಲೆ ಯಾವ ಕಡೆ? ಹುಣಸೆ ಮರ ಪ್ಲಾಟ್‌ಫಾರಮ್ಮಿನ ಈಚೆಗಾ, ಆಚೆಗಾ? ಕೇಳಿದ ಹಾಗೆಲ್ಲ ಇವನಿಗೆ ನೆನಪು ಒಸರುತ್ತ ಹೋಯಿತು. ಮಾವಿನ ಕಾಲದಲ್ಲಿ ಪ್ಲಾಟ್‌ಫಾರಮ್ಮಿನ ತುಂಬ ಹಣ್ಣು ತುಂಬಿದ ಬುಟ್ಟಿ, ಮಂಕರಿಗಳು, ಅವುಗಳ ಮೇಲೆ ಹಾಸಿದ ಹಸಿ ಎಲೆಗಳ ವಾಸನೆ. ದೂರದಿಂದಲೇ ಎರಡು ಸಲ ಸಿಳ್ಳು ಹಾಕಿ ಟೀಗೆ ಇಡಲು ಹೇಳುತ್ತಿದ್ದ ಡ್ರೈವರು. ಒಂದು ಸಲ ರೈಲಿನ ಜೊತೆ ಹೋಗಿಬಿಟ್ಟ ಆರು ಗ್ಲಾಸು, ಮಾರನೆಯ ದಿನ ತೊಳೆದು ಗೋಣಿಯಲ್ಲಿ ಸುತ್ತಿ ಬಂದದ್ದು.

ಮನಸ್ಸಿನ ತಳದಲ್ಲಿದ್ದ ಒಂದು ಮಾತೂ ಒಂದು ಭಾನುವಾರ ಹೊರಗೆ ಬಂತು. ಒಂಬತ್ತು ವರ್ಷದವನಿದ್ದಾಗ ಅವನು ತಟ್ಟೆ ಜಾರಿಸಿ ನಾಲ್ಕು ಗ್ಲಾಸು ಒಡೆದಿದ್ದ. ಗಿರಾಕಿಗಳ ಎದುರಿಗೇ ಅಪ್ಪ ಕೆನ್ನೆಗೆ ಬಾರಿಸಿದ. ಹುಡುಗ ಅವಮಾನದಲ್ಲಿ ಸಂಜೆಯ ರೈಲಿನ ಕಡೆಯ ಡಬ್ಬಿ ಹತ್ತಿ, ಮಂಕರಿಗಳ ಸಂದಿಯಲ್ಲಿ ಅಡಗಿ, ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಕಲ್ಲುಬೆಂಚಿನ ಮೇಲೆ ಅಳುತ್ತ ಕೂತ. ಒಂದು ದಿನವೂ ಅಂಗಡಿ ಮುಚ್ಚದ ಇಮಾಮ್ ಸಾಬಿ ಆವತ್ತು ಒಲೆಗೆ ನೀರು ಸುರಿದು ಹಳಿಯ ಮೇಲೆಯೇ ನಡೆದುಕೊಂಡು ಬಂದ. ಬೈಯಲಿಲ್ಲ. ಕೈ ಹಿಡಿದು ವಾಪಸ್ಸು ಹೊರಟ. ಹುಡುಗ ತೂಕಡಿಸಬಾರದೆಂದು ಹಳಿಯ ಕೆಳಗಿನ ಸ್ಲೀಪರ್ ಮರಗಳನ್ನು ಎಣಿಸು ಎಂದ. ಲೆಕ್ಕ ತಪ್ಪಿದರೆ ಮತ್ತೆ ಒಂದರಿಂದ. ಊರು ಕಾಣಿಸುವಾಗ ಅಪ್ಪ ಅಂದಿದ್ದ: "ಬರುವಾಗ ನಾನೂ ಎಣಿಸ್ತಾ ಬಂದೆ ಬೇಟಾ. ಎಣಿಸೋದು ನಿಲ್ಲಿಸಿದ್ರೆ ಬೇರೆ ಯೋಚನೆ ಬರ್ತಿತ್ತು."

ಇದನ್ನು ಹೇಳಿ ರಹಮತ್ತುಲ್ಲಾ ಕಿಟಕಿಯ ಕಡೆ ಮುಖ ತಿರುಗಿಸಿದ. "ಇದನ್ನ ಯಾರಿಗೂ ಹೇಳಿಲ್ಲ ಮೇಷ್ಟ್ರೇ. ನಮ್ಮ ಮನೆಯವಳಿಗೂ ಹೇಳಿಲ್ಲ."

"ನಂಗೆ ಹೇಳಿದ್ದು ನನ್ನ ಹತ್ರಾನೇ ಇರತ್ತೆ ಕಣೋ" ಎಂದು ಮೇಷ್ಟ್ರು ಅವನ ತೊಡೆ ತಟ್ಟಿದರು.

ಅಂಗಡಿಯನ್ನು ರಹಮತ್ತುಲ್ಲಾ ಮುಳಬಾಗಿಲಿನಲ್ಲಿ ಕೂತು ಒಂದೂವರೆ ತಿಂಗಳು ಮಾಡಿದ. ತೇಗದ ಚಕ್ಕೆಯ ಗೋಡೆ, ಎಣ್ಣೆ ಡಬ್ಬಿಯ ತಗಡು ತಟ್ಟಿ ಮಾಡಿದ ಮಾಡು, ಹೆಬ್ಬೆರಳಿನ ಉಗುರಿನಷ್ಟು ಒಲೆ. ಅದಕ್ಕೆ ಬೋರ್ಡು ಹಾಕಲಿಲ್ಲ. ಅಪ್ಪನ ಅಂಗಡಿಗೆ ಬೋರ್ಡು ಇರಲೇ ಇಲ್ಲ. ಅದನ್ನು ಪ್ಲಾಟ್‌ಫಾರಮ್ಮಿನ ತುದಿಗೆ ಕೂಡಿಸಿದ ಭಾನುವಾರ ಮೇಷ್ಟ್ರು ಕಪ್ಪು ಇಂಜಿನ್ನನ್ನು ಮೆಲ್ಲಗೆ ತಂದು ಸರಿಯಾಗಿ ಅಂಗಡಿಯ ಮುಂದೆ ನಿಲ್ಲಿಸಿ, ರಿಮೋಟಿನ ಗುಂಡಿ ಒತ್ತಿ ಎರಡು ಸಲ ಸಿಳ್ಳು ಹಾಕಿಸಿದರು. ರಹಮತ್ತುಲ್ಲಾ ಮೇಜಿನ ಮಟ್ಟಕ್ಕೆ ಬಗ್ಗಿ ನೋಡುತ್ತ ನಿಂತ.

ಅದಾದ ಎರಡು ವಾರಕ್ಕೆ, ಶುಕ್ರವಾರ, ಮೇಷ್ಟ್ರ ಫೋನು ಬಂತು. "ಈ ಭಾನುವಾರ ಬರಬೇಡ ಕಣೋ. ಮನೇಲಿ ನೆಂಟರು."

"ಆಯ್ತು ಮೇಷ್ಟ್ರೇ" ಎಂದ ಇವನು. ಅದರ ಮುಂದಿನ ಭಾನುವಾರವೂ ಏನೋ ಕೆಲಸ ಎಂದರು.

ಮಗಳು ಆಯೇಷಾ ಮುಳಬಾಗಿಲಿನಲ್ಲೇ ಗಂಡನ ಮನೆಯಲ್ಲಿದ್ದವಳು, ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಬಂದಳು. "ಅಬ್ಬಾ, ನಿಮ್ಮ ಮೇಷ್ಟ್ರು ಫೋನಲ್ಲಿ ಬಂದಿದಾರೆ! ಎಷ್ಟು ಜನ ನೋಡಿದಾರೆ ಗೊತ್ತಾ!" ಎಂದು ತಾಯಿ ಅಖ್ತರ್ ಬಾನುವಿನ ಪಕ್ಕ ಕೂತು ಫೋನು ಹಿಡಿದಳು. ರಹಮತ್ತುಲ್ಲಾ ಕೈಯಲ್ಲಿ ತುತ್ತು ಹಿಡಿದೇ ಹಿಂದಿನಿಂದ ಬಗ್ಗಿ ನೋಡಿದ.

ಮೇಜು ಕಂಡಿತು. ಅವನ ಮೇಜು. ಹಳಿ, ಹುಣಸೆ ಮರ, ಮಂಕರಿಗಳು. ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ರಿಮೋಟು ಹಿಡಿದು ನಿಂತಿದ್ದರು. "ಸಾರ್, ಈ ವಯಸ್ಸಲ್ಲಿ ಈ ರೈಲಿನ ಪ್ರೀತಿ ಹೇಗೆ ಬಂತು?" ಎಂದು ಕ್ಯಾಮೆರಾದ ಹಿಂದಿನಿಂದ ಒಂದು ಹುಡುಗಿಯ ದನಿ ಕೇಳಿತು.

"ನಮ್ಮ ತಂದೆಯವರದು ಶ್ರೀನಿವಾಸಪುರ ಸ್ಟೇಷನ್ನಿನಲ್ಲಿ ಟೀ ಅಂಗಡಿ ಇತ್ತು" ಎಂದರು ಮೇಷ್ಟ್ರು.

ರಹಮತ್ತುಲ್ಲಾ ತಾನು ತಪ್ಪಾಗಿ ಕೇಳಿದೆ ಎಂದುಕೊಂಡ. ಆದರೆ ಮೇಷ್ಟ್ರು ನಿಲ್ಲಿಸಲಿಲ್ಲ. ಸಿಳ್ಳು ಬಂತು. ಆರು ಗ್ಲಾಸು ಬಂದವು. ಒಡೆದ ನಾಲ್ಕು ಗ್ಲಾಸು, ಕೆನ್ನೆಗೆ ಏಟು, ಕಡೆಯ ಡಬ್ಬಿ, ಕಲ್ಲುಬೆಂಚು. ಒಂದನ್ನೂ ಬಿಡದೆ, ಒಳ್ಳೆಯ ಮೇಷ್ಟ್ರು ಪಾಠ ಮಾಡುವ ಹಾಗೆ, ಎಲ್ಲಿ ತಡೆಯಬೇಕೋ ಅಲ್ಲಿ ತಡೆದು ಹೇಳಿದರು. "ಊರು ಹತ್ತಿರ ಬಂದಾಗ ನಮ್ಮಪ್ಪ ಒಂದು ಮಾತು ಹೇಳಿದ್ರು. ಬರುವಾಗ ನಾನೂ ಎಣಿಸ್ತಾ ಬಂದೆ ಮಗಾ. ಎಣಿಸೋದು ನಿಲ್ಲಿಸಿದ್ರೆ ಬೇರೆ ಯೋಚನೆ ಬರ್ತಿತ್ತು." ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

'ಬೇಟಾ' ಹೋಗಿ 'ಮಗಾ' ಆಗಿತ್ತು. ಅಷ್ಟೇ ಬದಲಾವಣೆ.

ಅಖ್ತರ್ ಬಾನು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. "ಯಾ ಅಲ್ಲಾ, ಎಂಥಾ ತಂದೆ ನೋಡಿ ಜೀ. ಪುಣ್ಯ ಮಾಡಿದ್ರು ನಿಮ್ಮ ಮೇಷ್ಟ್ರು. ಇಂಥಾ ತಂದೆ ಎಲ್ಲರಿಗೂ ಸಿಗ್ತಾರಾ?"

ಅವಳು ಅಳುತ್ತಿದ್ದದ್ದು ತಾನು ಕಣ್ಣಿಂದ ಕಾಣದ ಸ್ವಂತ ಮಾವನಿಗೆ. ಹೊಗಳುತ್ತಿದ್ದದ್ದು ಬೇರೆ ಯಾರನ್ನೋ. ರಹಮತ್ತುಲ್ಲಾ ತುತ್ತನ್ನು ತಟ್ಟೆಗೆ ಇಳಿಸಿದ. ಅದು ನಮ್ಮಪ್ಪ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಆದರೆ ಹೆಂಡತಿಗಾಗಲೀ ಮಗಳಿಗಾಗಲೀ ಅದರ ಒಂದಕ್ಷರವೂ ಗೊತ್ತಿರಲಿಲ್ಲ. ಈಗ ಹೇಳಿದರೆ, ಬೇರೆಯವರ ಕಥೆ ಕೇಳಿ ತನ್ನದು ಎನ್ನುತ್ತಿರುವವನು ತಾನೇ ಆಗುತ್ತೇನೆ ಎನಿಸಿತು. ಎದ್ದು ಕೈತೊಳೆದು ಅಂಗಡಿಗೆ ಹೋದ. ಆ ಮಧ್ಯಾಹ್ನ ಒಂದು ಬಾಗಿಲಿಗೆ ಕೊರೆದ ತೂತು ಮೂರು ಸಲ ಜಾಗ ತಪ್ಪಿತು.

ಮಾರನೆಯ ಬೆಳಿಗ್ಗೆ ಹೇಳದೆ ಕೇಳದೆ ಕೋಲಾರಕ್ಕೆ ಹೋದ. ಬಾಗಿಲು ತೆಗೆದ ಸುನಂದಮ್ಮ ಅವನನ್ನು ಕಂಡು ಬಾಗಿಲ ಬಳಿಯೇ ನಿಂತರು. ಯಾವಾಗಲೂ "ಬಾ ಅಣ್ಣಾ, ಕಾಫಿ ಕುಡೀತೀಯಾ" ಎನ್ನುತ್ತಿದ್ದವರು ಇಂದು "ಮೇಲಿದಾರೆ" ಎಂದಷ್ಟೇ ಹೇಳಿ ಒಳಗೆ ಹೋದರು.

ಮೇಷ್ಟ್ರು ಹಳಿ ಒರೆಸುತ್ತಿದ್ದರು. ರಹಮತ್ತುಲ್ಲಾನ ಕಣ್ಣು ನೇರ ಅಂಗಡಿಯ ಮೇಲೆ ಹೋಯಿತು. ತಗಡಿನ ಮಾಡಿನ ಕೆಳಗೆ ಒಂದು ಪುಟ್ಟ ಬೋರ್ಡು. 'ಮುನಿಯಲ್ಲಪ್ಪ ಟೀ ಸ್ಟಾಲ್'. ಮುನಿಯಲ್ಲಪ್ಪ ಎಂದರೆ ಮೇಷ್ಟ್ರ ಅಪ್ಪನ ಹೆಸರು. ಬೋರ್ಡು ಒಂದು ಕಡೆಗೆ ವಾಲಿತ್ತು, ಅಂಚಿನಲ್ಲಿ ಗೋಂದು ಹೊರಗೆ ಒಸರಿತ್ತು.

"ಮೇಷ್ಟ್ರೇ, ವಿಡಿಯೊ ನೋಡಿದೆ."

ಮೇಷ್ಟ್ರ ಕೈ ನಿಂತಿತು. ನಗಲು ನೋಡಿದರು, ಆಗಲಿಲ್ಲ. "ಕೂತ್ಕೊ ಮೊದ್ಲು."

"ಕೂತ್ಕೊಳಲ್ಲ. ಅದು ನಮ್ಮಪ್ಪ ಆಡಿದ ಮಾತು. ನಿನ್ನ ಹತ್ರಾನೇ ಇರತ್ತೆ ಅಂದೆ."

"ಕೇಳೋ ಇಲ್ಲಿ. ಆ ಹುಡುಗಿ ಕ್ಯಾಮೆರಾ ಮುಖಕ್ಕೆ ಹಿಡಿದು ಯಾಕೆ ಸಾರ್ ಈ ಪ್ರೀತಿ ಅಂತ ಕೇಳಿದ್ಲು. ಏನು ಹೇಳ್ಲಿ? ನಮ್ಮಪ್ಪ ಮಾಲೂರಿನ ಹೆಂಚಿನ ಕಾರ್ಖಾನೇಲಿ ಗುಮಾಸ್ತ. ಬೆಳಿಗ್ಗೆ ಹೋಗೋರು, ಸಂಜೆ ಬರೋರು, ಊಟ ಮಾಡಿ ಗೋಡೆ ಕಡೆ ತಿರುಗಿ ಮಲಗೋರು. ಮನೆ ಮುಂದೇನೆ ದಿನಾ ಇಷ್ಟು ರೈಲು ಓಡೋವು, ಒಂದು ದಿನ ಕೈ ಹಿಡಿದು ಕರ್ಕೊಂಡು ಹೋಗಿ ತೋರಿಸಿದೋರಲ್ಲ. ಅದನ್ನ ಹೇಳ್ಲಾ? ನಂಗೆ ಅಂತ ಹೇಳ್ಕೊಳೋಕೆ ಏನೂ ಇಲ್ಲ ಕಣೋ. ನಿಂದು ಬಾಯಿಗೆ ಬಂತು. ಬಂದಮೇಲೆ ನಿಲ್ಲಿಸೋಕೆ ಆಗ್ಲಿಲ್ಲ."

ರಹಮತ್ತುಲ್ಲಾನಿಗೆ ಒಂದು ಕ್ಷಣ ಕನಿಕರ ಬಂತು. ಮಾಲೂರಿನ ಆ ಮನೆ, ಗೋಡೆಗೆ ತಿರುಗಿದ ಆ ಬೆನ್ನು ಕಂಡ ಹಾಗಾಯಿತು. ಮತ್ತೆ ಬೋರ್ಡು ಕಣ್ಣಿಗೆ ಬಿತ್ತು.

"ಬೋರ್ಡು? ಅದೂ ಬಾಯಿಗೆ ಬಂತಾ?"

ಮೇಷ್ಟ್ರು ಬೋರ್ಡಿನ ಅಂಚಿನ ಗೋಂದನ್ನು ಉಗುರಿನಿಂದ ಕೆರೆದರು.

"ಶುಕ್ರವಾರಾನೇ ಫೋನ್ ಮಾಡಿ ಬರಬೇಡ ಅಂದೆ. ವಿಡಿಯೊದವರು ಬಂದಿದ್ದು ಆ ಭಾನುವಾರ, ಅದರಲ್ಲೇ ತಾರೀಖಿದೆ."

ಮೇಷ್ಟ್ರು ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. "ಅವರಿಗೆ ಫೋನ್ ಮಾಡಿ ಹೇಳ್ತೀನಿ. ಸರಿ ಮಾಡಿಸ್ತೀನಿ. ಆಯ್ತಾ?" ಎಂದರು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು. ಮೇಷ್ಟ್ರ ಹಳೆಯ ವಿದ್ಯಾರ್ಥಿ ನಂದೀಶ್, ಹೋಳೂರಿನವನು, ಹೆಂಡತಿಯನ್ನೂ ಅತ್ತೆಯನ್ನೂ ಕರೆದುಕೊಂಡು ಬಂದಿದ್ದ. "ಸಾರ್, ವಿಡಿಯೊ ನೋಡಿ ಅತ್ತೆ ಒಂದೇ ಹಠ, ನೋಡಲೇಬೇಕು ಅಂತ" ಎಂದ. ಅತ್ತೆ ಮೇಜಿನ ಹತ್ತಿರ ಬಂದು "ಅಬ್ಬಬ್ಬಾ, ಎಂತ ಬಾಗುಂದಿ!" ಎಂದು ತೆಲುಗಿನಲ್ಲೇ ಮೆಚ್ಚಿ ಕೆನ್ನೆಗೆ ಕೈಯಿಟ್ಟುಕೊಂಡಳು. "ಇದೇನಾ ಸಾರ್ ನಿಮ್ಮ ತಂದೇರ ಅಂಗಡಿ?"

ಮೇಷ್ಟ್ರು ರಹಮತ್ತುಲ್ಲಾನ ಕಡೆ ನೋಡಿದರು. ಈಗ ಹೇಳುತ್ತಾರೆ ಎಂದು ಇವನು ಅಂದುಕೊಂಡ. ನಿಜವಾಗಿಯೂ ಹಾಗೇ ಅಂದುಕೊಂಡ. ತಾನು ಹದಿನಾಲ್ಕು ತಿಂಗಳು ಜೊತೆಗೆ ಕೂತು ಅನ್ನ ತಿಂದ ಮನುಷ್ಯ ಅವರು.

"ಹೂಂ ಕಣಮ್ಮಾ" ಎಂದರು ಮೇಷ್ಟ್ರು. ಆಮೇಲೆ ಅವಸರದಲ್ಲಿ, "ಇವರು ನಮ್ಮ ಕಾರ್ಪೆಂಟರು, ಮುಳಬಾಗಿಲಿನವರು. ಮೇಜು ಇವರದೇ ಕೆಲಸ" ಎಂದರು.

ನಂದೀಶ್ ನಮಸ್ಕಾರ ಮಾಡಿದ. ರಹಮತ್ತುಲ್ಲಾ ಮೇಜಿನ ಹತ್ತಿರ ಬಂದು "ಅದು ನಮ್ಮಪ್ಪನ ಅಂಗಡಿ" ಎಂದ. ದನಿ ತಾನು ಎಣಿಸಿದ್ದಕ್ಕಿಂತ ಜೋರಾಗಿ ಬಂತು. "ಇಮಾಮ್ ಸಾಬಿ ಅಂತ. ಆ ಏಟು ತಿಂದು ಓಡಿಹೋದವನು ನಾನು."

ನಂದೀಶ್ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ನಕ್ಕರು, ಈ ಸಲ ನಗು ಬಂತು. "ಇವರೂ ಶ್ರೀನಿವಾಸಪುರದೋರೇ. ಆ ಸ್ಟೇಷನ್ನು ಅಂದ್ರೆ ಎಲ್ಲರಿಗೂ ನಮ್ದು ನಮ್ದು ಅನ್ನೋ ಅಭಿಮಾನ ನೋಡಿ."

ಎಲ್ಲರೂ ಸಮಾಧಾನವಾಗಿ ತಲೆಯಾಡಿಸಿದರು. ಅತ್ತೆ ಇವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಅವಳ ನೋಟದಲ್ಲಿ ಕೋಪವಿರಲಿಲ್ಲ; ದೊಡ್ಡವರ ಎದುರು ತಾನೂ ಏನೋ ಎಂದು ಹೇಳಿಕೊಳ್ಳಲು ಹೊರಟ ಪಾಪದವನನ್ನು ನೋಡುವ ಹಾಗೆ ನೋಡಿದಳು. ಮೇಷ್ಟ್ರು ರಿಮೋಟು ಎತ್ತಿಕೊಂಡು ಕಪ್ಪು ಇಂಜಿನ್ನನ್ನು ಹೊರಡಿಸಿದರು. ಅದು ಅಂಗಡಿಯ ಮುಂದೆ ಬಂದು ನಿಲ್ಲುವ ಮೊದಲೇ ರಹಮತ್ತುಲ್ಲಾ ಮೆಟ್ಟಿಲು ಇಳಿದಿದ್ದ.

ಗೇಟಿನ ಹತ್ತಿರ ಸುನಂದಮ್ಮ ಓಡಿ ಬಂದರು. "ನಾನು ಆವತ್ತೇ ಬೇಡ ಅಂದೆ ಅಣ್ಣಾ. ನನ್ನ ಮಾತು ಎಲ್ಲಿ ಕೇಳ್ತಾರೆ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅವನು ತಲೆಯಾಡಿಸಿ ರಸ್ತೆಗೆ ಇಳಿದ. ದೇವರಾಯಸಮುದ್ರ ದಾಟುವವರೆಗೂ ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ಟಿಗೆ ಎರಡು ಸಲ ಕೇಳಿದ್ದು ಅವನಿಗೆ ಗೊತ್ತಾಗಲಿಲ್ಲ.

ಮನೆಗೆ ಬಂದವನೇ ಅಖ್ತರ್ ಬಾನುವನ್ನು ಕೂರಿಸಿಕೊಂಡು ಎಲ್ಲ ಹೇಳಿದ. ಅವಳು ನಡುವೆ ಬಾಯಿ ಹಾಕದೆ ಕೇಳಿದಳು. ಅನುಮಾನ ಪಡುತ್ತಾಳೆ ಎಂದು ಹೆದರಿದ್ದ, ಪಡಲಿಲ್ಲ. ಮೇಷ್ಟ್ರನ್ನು ಬೈಯುತ್ತಾಳೆ ಎಂದುಕೊಂಡಿದ್ದ, ಅದೂ ಇಲ್ಲ. ಕೊನೆಗೆ ಕೇಳಿದಳು:

"ನನಗ್ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ" ಎಂದ.

"ಕೇಳಬೇಕಿತ್ತಾ? ಮೂವತ್ತೆಂಟು ವರ್ಷ ಆಯ್ತು ಜೀ ಈ ಮನೆಗೆ ಬಂದು. ಅತ್ತೆಯವರು ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ಎರಡು ವರ್ಷ ನೋಡಿಕೊಂಡೆ. ನಿಮ್ಮ ಅಪ್ಪ ಹೇಗಿದ್ರು ಅಂತ ಒಂದು ಮಾತು ನೀವು ನನ್ನ ಹತ್ರ ಆಡಲಿಲ್ಲ. ಕೋಲಾರದ ಮೇಷ್ಟ್ರಿಗೆ ಬಿಚ್ಚಿಟ್ಟಿರಿ. ನಾನು ಅದನ್ನ ಫೋನಲ್ಲಿ ನೋಡಿ ಕಣ್ಣೀರು ಹಾಕಿದೆ." ಅವಳು ಅವನ ಕಡೆ ತಿರುಗಿದಳು. "ನೀವು ನಿಮಗೆ ಮೋಸ ಆಯ್ತು ಅಂತೀರಿ. ನನಗೇನಾಯ್ತು ಅದಕ್ಕೆ ಏನಂತೀರಿ?"

ನಾಲ್ಕು ದಿನ ಇಬ್ಬರೂ ಬೇಕಾದಷ್ಟೇ ಮಾತಾಡಿದರು. ಐದನೆಯ ದಿನ ಅವಳೇ ಬುರ್ಖಾ ಹಾಕಿಕೊಂಡು ಬಂದು "ನಡೀರಿ, ತೋರಿಸಿ" ಎಂದಳು.

ಬಸ್ಸಿನಲ್ಲಿ ಶ್ರೀನಿವಾಸಪುರಕ್ಕೆ ಹೋದರು. ಸ್ಟೇಷನ್ನಿನಲ್ಲಿ ಹಳೆಯದೊಂದೂ ಉಳಿದಿರಲಿಲ್ಲ. ಸಣ್ಣ ಹಳಿ ಕಿತ್ತು ಅಗಲದ ಹಳಿ ಹಾಕಿ ಎಷ್ಟೋ ವರ್ಷವಾಗಿತ್ತು. ಕಟ್ಟಡ ಹೊಸದು, ಸ್ಲೀಪರು ಸಿಮೆಂಟಿನದು, ಹುಣಸೆ ಮರದ ಗುರುತಿಲ್ಲ. ಪ್ಲಾಟ್‌ಫಾರಮ್ಮಿನ ತುದಿಯ ತನಕ ನಡೆದು ಅವನು ಅಂದಾಜಿನ ಮೇಲೆ ಒಂದು ಜಾಗ ತೋರಿಸಿದ. ಅಖ್ತರ್ ಬಾನು ಅಲ್ಲಿ ನಿಂತು ಕೇಳತೊಡಗಿದಳು. ಒಲೆ ಯಾವ ಕಡೆ ಇತ್ತು? ನೀವು ಎಲ್ಲಿ ಮಲಗ್ತಿದ್ರಿ? ಅವರು ಟೀಗೆ ಏಲಕ್ಕಿ ಹಾಕ್ತಿದ್ರಾ, ಶುಂಠೀನಾ?

ಒಳ್ಳೆಯ ಪ್ರಶ್ನೆಗಳು. ಆದರೆ ಪ್ರತಿ ಪ್ರಶ್ನೆಗೂ ಅವನ ಒಳಗಿನದೇನೋ ಒಂದು ಹೆಜ್ಜೆ ಹಿಂದೆ ಸರಿಯಿತು: ಇವಳಿಗೆ ಯಾಕೆ ಬೇಕು ಇದು? ತನ್ನ ಹೆಂಡತಿಯ ಬಗ್ಗೆಯೇ ಹಾಗೆ ಅನಿಸಿದ್ದಕ್ಕೆ ಅವನಿಗೆ ಹೇಸಿಗೆಯಾಯಿತು. ಬಲವಂತವಾಗಿ ಹೇಳುತ್ತ ಹೋದ. ಹಳಿಯ ಮೇಲೆ ನಡೆದು ಬಂದದ್ದನ್ನು ಮತ್ತೊಮ್ಮೆ ಹೇಳಿ, ಅಪ್ಪ ಕೊನೆಗೆ ಅಂದ ಮಾತಿಗೆ ಬಂದು ತಡೆದ.

"ಯಾಕೆ ನಿಂತಿರಿ?"

ಅವನು ಅಪ್ಪನ ದನಿಯನ್ನು ಹುಡುಕುತ್ತಿದ್ದ. ಐವತ್ತು ವರ್ಷ ಒಳಗೆ ಇದ್ದ ದನಿ, ಬೀಡಿ ಸೇದಿ ಒಡೆದ, ಮಾತಿನ ಕೊನೆಯಲ್ಲಿ ಎಳೆಯುವ ದನಿ. ಅದು ಬರಲಿಲ್ಲ. ಬಂದದ್ದು ಬಿಳಿ ಅಂಗಿಯ ಮೇಷ್ಟ್ರ ದನಿ. ಎಲ್ಲಿ ತಡೆಯಬೇಕೋ ಅಲ್ಲಿ ತಡೆದು, 'ಮಗಾ' ಎಂದಿತು.

"ಏನೂ ಇಲ್ಲ" ಎಂದ. "ನೆನಪು ಬರ್ತಿಲ್ಲ."

ಅಖ್ತರ್ ಬಾನು ಮತ್ತೆ ಕೇಳಲಿಲ್ಲ. ಬಿಸಿಲು ಜೋರಾಗಿತ್ತು. ಅವನ ತೋಳು ಹಿಡಿದು ನೆರಳಿಗೆ ಕರೆದುಕೊಂಡು ಹೋದಳು.

ವಿಡಿಯೊ ಹಾಗೆಯೇ ಇತ್ತು. ಇನ್ನೂ ಎರಡು ಊರಿನವರು ಬಂದು ಮೇಷ್ಟ್ರ ಮನೆಯಲ್ಲಿ ಚಿತ್ರ ತೆಗೆದರೆಂದು ಆಯೇಷಾ ಹೇಳಿದಳು. ಚಳಿಗಾಲದ ಮೊದಲಲ್ಲಿ ಒಂದು ಮಧ್ಯಾಹ್ನ ಮೇಷ್ಟ್ರ ಫೋನು ಬಂತು. ರಹಮತ್ತುಲ್ಲಾ ಎರಡು ಸಲ ಬಿಟ್ಟು ಮೂರನೆಯ ಸಲ ಎತ್ತಿದ.

"ಹೇಗಿದ್ಯೋ?" ಎಂದರು. ದನಿ ಸಣ್ಣದಾಗಿತ್ತು. "ದಿಬ್ಬದ ಹತ್ರ ಹಲಗೆ ಉಬ್ಬಿದೆ ಕಣೋ. ಎರಡು ಇಂಜಿನ್ನೂ ಅಲ್ಲೇ ಹಳಿ ತಪ್ತಿವೆ. ಬೇರೆಯವನೊಬ್ಬನ್ನ ಕರೆಸಿದೆ, ಅವನಿಗೆ ತಿಳೀತಿಲ್ಲ. ಒಂದು ಸಲ ಬಂದು ಹೋಗೋ. ನಾನೂ ಮಾತಾಡಬೇಕು ನಿನ್ನ ಹತ್ರ."

ಏನು ಮಾತು ಎಂದು ರಹಮತ್ತುಲ್ಲಾ ಕೇಳಲಿಲ್ಲ. ಕೇಳಿದರೆ ಮೇಷ್ಟ್ರು ಚೆನ್ನಾಗಿ ಹೇಳುತ್ತಾರೆ, ತಾನು ಕರಗುತ್ತೇನೆ, ಅದು ಅವನಿಗೆ ಗೊತ್ತಿತ್ತು.

"ಹಲಗೆ ಕೆಳಗಡೆ ಬಲಗಡೆ ಎರಡು ಸ್ಕ್ರೂ ಇದೆ, ಅದನ್ನ ಸಡಿಲ ಮಾಡ್ಸಿ" ಎಂದ. "ಒಂದು ವಾರ ಹಾಗೇ ಬಿಡಿ, ಉಬ್ಬು ತಾನೇ ಇಳಿಯತ್ತೆ. ಆಮೇಲೆ ತೆಳ್ಳನೆ ಪಟ್ಟಿ ಕೊಟ್ಟು ಬಿಗಿ ಮಾಡ್ಸಿ. ಪೂರ್ತಿ ಬಿಗೀಬಾರದು. ಯಾರಾದ್ರೂ ಮಾಡ್ತಾರೆ ಮೇಷ್ಟ್ರೇ. ನಾನು ಬರಲ್ಲ. ನೀವು ಇನ್ನು ಫೋನ್ ಮಾಡಬೇಡಿ."

"'ನೀವು' ಅಂತಿದ್ಯಲ್ಲೋ" ಎಂದರು ಮೇಷ್ಟ್ರು.

ಇವನು ಫೋನು ಇಟ್ಟ. ಊಟಕ್ಕೆ ಕರೆಯಲು ಬಂದ ಅಖ್ತರ್ ಬಾನು ಬಾಗಿಲಲ್ಲಿ ನಿಂತಿದ್ದಳು.

"ಅವರಾ?"

"ಹೂಂ. ಹಲಗೆ ಉಬ್ಬಿದೆಯಂತೆ."

"ಹೋಗ್ತೀರಾ?"

"ಇಲ್ಲ" ಎಂದು ಅವನು ಕೈಯ ಹೊಟ್ಟು ಕೊಡವಿಕೊಂಡು ಎದ್ದ.